ತಿಮ್ಮವ್ವನ ತೊಕ್ಕು

ಯಾರ ಮನೆಯ ಉಪ್ಪಿನಕಾಯಿಯಾದರೂ ಸರಿ, ಬಾಯಿಗಿಡುವ ಮುಂಚೆ ‘ಯಾರ ಕೈಯದು?’ ಎಂದು ಕೇಳಬೇಕು. ಉಪ್ಪು ಬೆರೆಸಿದ ಕೈ ಈಗ ಮಣ್ಣಿನಲ್ಲಿದ್ದರೆ ‘ಎಡಿ ಆಗ್ಯದೇನು?’ ಎಂದು ಇನ್ನೊಂದು ಮಾತು ಕೇಳಬೇಕು. ಸತ್ತವಳು ಕೈಯಾರೆ ಹಾಕಿಟ್ಟ ಭರಣಿಯ ಮೊದಲ ತುತ್ತು ಅವಳ ಮಣ್ಣಿಗೆ ಎಡೆಯಾಗಿ ಹೋಗಬೇಕು, ಆಮೇಲೆ ಉಳಿದವರ ಬಾಯಿಗೆ. ಇದು ನಮ್ಮ ಕಡೆ ಹಾಲುಹಲ್ಲಿನ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂ.ಎ., ಬಿ.ಎಡ್. ಮಾಡಿಕೊಂಡು ಸುರಪುರದ ಒಂದು ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವವಳು ನಾನು. ಆ ದಿನ ಬುದ್ಧಿಗೆ ಮಂಕು ಬಡಿದಿತ್ತು, ಕೇಳದೆ ತಿಂದೆ. ಆಮೇಲೆ ಏನಾಯಿತೆಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಮೊದಲು ನಾನು ಹೀಗೆ ಮಾತಾಡುತ್ತಿರಲಿಲ್ಲ. ಪರಿಮಳಾ ಟೀಚರ್ ಎಂದರೆ ಆಕಳು, ಒದೆಯುವುದಿಲ್ಲ, ಹಾಯುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಬೇರೆಯವರ ಪೀರಿಯಡ್ಡು ನನ್ನ ತಲೆಗೆ ಕಟ್ಟಿದರೂ ‘ಆಯ್ತು ಸರ್’. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಗಂಡ ಶರಣಕುಮಾರ ಗೊಣಗಿದರೂ ‘ತಪ್ಪಾತ್ರಿ’. ಹನ್ನೊಂದು ವರ್ಷದಲ್ಲಿ ಒಂದು ಹುಡುಗನಿಗೂ ‘ಏ’ ಎಂದವಳಲ್ಲ. ಒಳ್ಳೆಯತನವೋ, ಹೆದರಿಕೆಯೋ, ಯಾರಿಗೆ ಗೊತ್ತು.

ಈಗ ಮೌನೇಶ್ವರಿಯ ವಿಷಯ. ಒಂಬತ್ತನೆಯ ತರಗತಿಯ ಹುಡುಗಿ, ದೇವಾಪುರದಿಂದ ದಿನಾ ಬಸ್ಸಿಗೆ ಬರುತ್ತಾಳೆ. ಸಂಕ್ರಾಂತಿಯವರೆಗೆ ತರಗತಿಯ ಗದ್ದಲವೆಲ್ಲ ಅವಳದೇ. ಪಾಠದ ನಡುವೆ ಎದ್ದು ‘ಯಾಕ್ರಿ ಟೀಚರ್, ಹಂಗ್ಯಾಕ?’ ಎಂದು ಕೇಳಿ ನನ್ನ ಜೀವ ತಿನ್ನುತ್ತಿದ್ದಳು. ಸಂಕ್ರಾಂತಿ ಮುಗಿಸಿ ಬಂದವಳು ಒಂದು ಮಾತೂ ಆಡಲಿಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಅದೇ ಹೊತ್ತಿಗೆ ಅವಳ ಆಯಿ, ಅಂದರೆ ಅಪ್ಪನ ತಾಯಿ, ತೀರಿಕೊಂಡಳೆಂದು ತಿಳಿಯಿತು. ದುಃಖಕ್ಕೆ ಹೀಗಾಗಿದೆ ಎಂದುಕೊಂಡೆವು. ಯಾದಗಿರಿಯ ಡಾಕ್ಟರು ಗಂಟಲಲ್ಲಿ ಬ್ಯಾಟರಿ ಬಿಟ್ಟು ನೋಡಿ ‘ಏನೂ ಆಗಿಲ್ಲ’ ಎಂದರಂತೆ.

ಅವಳ ತಾಯಿ ದೇವಕಮ್ಮ ಒಂದು ದಿನ ಶಾಲೆಯ ಗೇಟಿನಲ್ಲಿ ನಿಂತು, ‘ಮೂಕಿಗಿ ಸಾಲಿ ಯಾಕ್ರಿ ಅಕ್ಕೋರ? ಪರೀಕ್ಷಾ ಮುಗಿದ ಮ್ಯಾಲ ಬಿಡಸ್ತೇನಿ, ನನ್ನ ಜೋಡಿ ಕೂಲಿಗಿ ಬರ್ಲಿ’ ಎಂದಳು. ಪರೀಕ್ಷೆಗೆ ಉಳಿದದ್ದು ಒಂದೂವರೆ ತಿಂಗಳು. ಅಷ್ಟರಲ್ಲಿ ಈ ಹುಡುಗಿಯ ಬಾಯಿಂದ ಒಂದು ಮಾತು ಹೊರಡಿಸಲೇಬೇಕೆಂದು ಹಟ ಹಿಡಿದೆ. ಹಾಡು ಹಾಡಿದೆ, ಕಥೆ ಹೇಳಿದೆ, ಕೈಹಿಡಿದು ಬೇಡಿಕೊಂಡೆ. ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಆಗ ಹುಳಿಯ ಪಾಠವೊಂದು ಹೊಳೆಯಿತು. ಹುಳಿ ಬಾಯಿಗೆ ಬಿದ್ದರೆ ಎಂಥವರೂ ‘ಸ್ಸ್’ ಎನ್ನುತ್ತಾರೆ. ಆ ‘ಸ್ಸ್’ ಒಂದು ಹೊರಟರೆ ಸಾಕು ಎಂದುಕೊಂಡೆ. ಒಂದು ದೊಡ್ಡ ಹಾಳೆಯ ಮೇಲೆ ಏಳು ಇಂಗ್ಲಿಷ್ ಪದ ಬರೆದು ಗೋಡೆಗೆ ಅಂಟಿಸಿದೆ: ಸೌರ್, ಟಾರ್ಟ್, ಶಾರ್ಪ್, ಆಸಿಡ್, ವಿನೆಗರಿ, ಅಕ್ರಿಡ್, ಅಸೆರ್ಬಿಕ್. ಇವೆಲ್ಲ ನಾಲಿಗೆಗೆ ಹತ್ತುವ ಹುಳಿ, ಒಗರು, ಘಾಟಿನ ಹೆಸರುಗಳು. ಸಿಡುಕು ಮನುಷ್ಯರಿಗೂ ಇಂಗ್ಲಿಷಿನವರು ಇವನ್ನೇ ಹಚ್ಚುತ್ತಾರೆ. ‘ನಮ್ಮೊಳಗೂ ಹುಳಿ ಹಿಂಡೋರಿಲ್ಲೇನು, ಹುಳ್ಳಗ ಮಾರಿ ಮಾಡೋರಿಲ್ಲೇನು?’ ಎಂದಾಗ ಮಕ್ಕಳಿಗೆ ತಕ್ಷಣ ತಿಳಿಯಿತು. ಅಸೆರ್ಬಿಕ್ ಎಂಬುದರ ಬೇರಿನಲ್ಲಿ ಮಾಗದ ಕಾಯಿಯ ಒಗರಿದೆ ಎಂದು ನಿಘಂಟು ನೋಡಿ ಹೇಳಿದೆ. ಮರುದಿನ ಬುಧವಾರ, ಪ್ರತಿಯೊಬ್ಬರೂ ಮನೆಯಿಂದ ಒಂದು ಹುಳಿ ಪದಾರ್ಥ ತರಬೇಕು, ಏಳೂ ಪದಗಳ ಮುಂದೆ ಅದಕ್ಕೆ ತಕ್ಕ ಒಬ್ಬ ಮನುಷ್ಯರ ಹೆಸರು ಬರೆದುಕೊಂಡು ಬರಬೇಕು ಎಂದೆ.

ಬುಧವಾರ ತರಗತಿ ಗಮ್ಮೆನ್ನುತ್ತಿತ್ತು. ಪುಂಡಿಪಲ್ಲೆಯ ಚಿಗುರು ಬಂದಿತ್ತು, ಬಾರಿಹಣ್ಣು ಬಂದಿತ್ತು, ನಿಂಬೆ, ಮೂರು ದಿನದ ಮಜ್ಜಿಗೆ, ಉಪ್ಪುನೀರಿನ ಮಾವಿನಕಾಯಿ ಬಂದಿದ್ದವು. ಒಬ್ಬ ಹುಡುಗ ವಿನೆಗರಿಯ ಮುಂದೆ ಗಣಿತದ ಸರ್ ಹೆಸರು ಬರೆದಿದ್ದ, ನಾನು ನೋಡಿಯೂ ನೋಡದಂತೆ ಮುಂದೆ ಹೋದೆ. ಮೌನೇಶ್ವರಿಯ ನೋಟ್‌ಬುಕ್ಕಿನಲ್ಲಿ ಏಳೂ ಪದಗಳ ಮುಂದೆ ಒಂದೇ ಹೆಸರಿತ್ತು. ಆಯಿ, ಆಯಿ, ಆಯಿ, ಏಳು ಸಲ.

ಅವಳು ತಂದದ್ದು ಹುಣಸೆಕಾಯಿ ತೊಕ್ಕು. ಸಣ್ಣ ಸ್ಟೀಲಿನ ಡಬ್ಬಿ. ಪಕ್ಕದ ಹುಡುಗಿ ಅರ್ಜುಮಂದ ಬೆರಳು ಹಾಕಲು ಹೋದಾಗ ಮೌನೇಶ್ವರಿ ಡಬ್ಬಿಯ ಮೇಲೆ ಅಂಗೈ ಮುಚ್ಚಿದಳು. ನನ್ನ ಕಡೆ ಮಾತ್ರ ಚಾಚಿದಳು. ತಿಂಗಳ ನಂತರ ಈ ಹುಡುಗಿ ತಾನಾಗಿಯೇ ಒಂದು ವಸ್ತು ಕೊಡುತ್ತಿದ್ದಾಳೆ ಎಂಬ ಸಂತೋಷದಲ್ಲಿ ನನಗೆ ಯಾರ ಕೈ, ಯಾವ ಎಡೆ, ಒಂದೂ ನೆನಪಾಗಲಿಲ್ಲ. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ.

ಅಯ್ಯಯ್ಯೋ, ಆ ಹುಳಿ! ದವಡೆ ಕಟ್ಟಿತು, ಕಿವಿಯ ಹಿಂದೆ ನರ ಜಗ್ಗಿತು, ಕಣ್ಣಲ್ಲಿ ನೀರು ಬಂತು. ‘ಸ್ಸ್’ ಎಂದವಳು ನಾನೇ. ಹಿಂದಿನ ಬೆಂಚಿನ ಹುಡುಗ ಬಬ್ಲು ನಕ್ಕ. ನಗಲಿ ಎಂದುಕೊಂಡು ನಾನೂ ನಗಲು ಬಾಯಿ ತೆರೆದೆ.

‘ಏ ಬಬ್ಲ್ಯಾ, ಹಲ್ಲ ಕಿಸಿಯಾಕತ್ತೀಯಲ್ಲ, ನಿಮ್ಮಪ್ಪನ ಮದಿವಿಗಿ ಬಂದೀಯೇನಲೇ? ಮುಚ್ಚ ಬಾಯಿ, ನೊಣ ಹೊಕ್ಕಾವು!’

ಬಾಯಿ ನನ್ನದು. ದನಿ ನನ್ನದಲ್ಲ. ಮುಂದಿನ ಹಲ್ಲು ಬಿದ್ದವರ ಬಾಯಿಂದ ಗಾಳಿ ಸೋರುತ್ತದಲ್ಲ, ಹಾಗೆ ಸೋರುವ ಒಡಕು ದನಿ. ನನಗೆ ಮೂವತ್ತೆರಡು ಹಲ್ಲೂ ಇವೆ, ಬೇಕಿದ್ದರೆ ಎಣಿಸಿಕೊಳ್ಳಿ. ಬಬ್ಲುವಿನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತ್ತು. ಮೌನೇಶ್ವರಿ ಮಾತ್ರ ಎದ್ದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಅಂದು ಸಂಜೆ ಚಹಾ ಹುಳಿಯಾಯಿತು. ಹಾಲು ಹುಳಿ, ಸಕ್ಕರೆ ಹುಳಿ, ಬಾಯಿ ಮುಕ್ಕಳಿಸಿದ ನೀರೂ ಹುಳಿ. ಮೂರು ಸಲ ಹಲ್ಲುಜ್ಜಿದೆ. ಶಹಾಪುರದ ಆಫೀಸಿನಿಂದ ಗಂಡ ಬಂದರು, ಚೀಲ ಇಟ್ಟು ‘ಚಾ ಆತೇನು?’ ಎಂದರು. ದಿನಾ ಕೇಳುವ ಮಾತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಒಡಕು ದನಿ ಎದ್ದಿತು.

‘ಬಂದ ನೋಡು ದೊಡ್ಡ ದೇಸಾಯಿ! ಕೈಕಾಲಿಗಿ ಲಕ್ವಾ ಹೊಡದದೇನು? ಕರಿ ಎತ್ತಿಗಿ ಕಣಕಿ ಹಾಕೀಯೋ ಇಲ್ಲೋ?’

ಗಂಡ ನಿಂತಲ್ಲೇ ನಿಂತರು. ‘ಯಾವ ಎತ್ತು, ಪರಿಮಳಾ? ನಾವು ಎರಡನೇ ಮಾಳಿಗಿ ಮ್ಯಾಲ ಅದೀವಿ’ ಎಂದರು. ಅವರ ಮುಖ ನೋಡಿ ನನಗೆ ಅಳು ಬಂತು. ತಪ್ಪಾಯಿತು ಎನ್ನಲು ಹೋದೆ, ಆ ಮಾತು ಗಂಟಲಿನಿಂದ ಮೇಲೆ ಬರಲೇ ಇಲ್ಲ. ಕೈ ಮೂಗಿನ ಹತ್ತಿರ ಹೋದಾಗ ಬೆರಳುಗಳು ಮೆಂತ್ಯ, ಅರಿಸಿನದ ವಾಸನೆ ಹೊಡೆಯುತ್ತಿದ್ದವು. ಅಂದು ನಾನು ಅವೆರಡನ್ನೂ ಮುಟ್ಟಿರಲಿಲ್ಲ. ಬೆಳಗ್ಗೆ ಎದ್ದಾಗ ನನ್ನ ಬಲಗೈ ತಾನೇ ತಾನಾಗಿ ಹಾಸಿಗೆಯ ಅಂಚನ್ನು ಗುದ್ದುತ್ತಿತ್ತು, ಒರಳಿನಲ್ಲಿ ಕುಟ್ಟುವ ಹಾಗೆ ಒಂದೇ ಸಮ. ಎಡಗೈಯಿಂದ ಹಿಡಿದು ನಿಲ್ಲಿಸಿದೆ. ಗಂಡ ಗೋಡೆಯ ಕಡೆ ಸರಿದು ಮಲಗಿದ್ದರು, ಎಚ್ಚರವಿದ್ದರು.

ಬೈಗಳನ್ನಾದರೂ ಹೇಗೋ ಸಹಿಸಬಹುದಿತ್ತು. ಶುಕ್ರವಾರ ಆದದ್ದೇ ಬೇರೆ. ಶಾಲೆಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಕೂತೆ. ಕೈ ಪೆನ್ನು ಬಿಟ್ಟು ಪಕ್ಕದ ಇಂಕ್ ಪ್ಯಾಡಿಗೆ ಹೋಯಿತು, ಹೆಬ್ಬೆರಳು ಒತ್ತಿತು, ನನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಹಾಕಿತು. ಗಡಬಡಿಸಿ ಪುಸ್ತಕ ಮುಚ್ಚಿ ತರಗತಿಗೆ ಓಡಿದೆ. ಗೋಡೆಯ ಮೇಲೆ ನಾನೇ ಬರೆದ ಏಳು ಪದಗಳಿದ್ದವು. ಇದ್ದವು ಎಂದು ಗೊತ್ತು, ಆದರೆ ಓದಲು ಬರಲಿಲ್ಲ. ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಕರ್ರಗೆ ಏನೋ ಇತ್ತು, ಅಷ್ಟೇ. ಕನ್ನಡ ಪುಸ್ತಕ ತೆರೆದೆ, ಅಲ್ಲೂ ಅದೇ ಇರುವೆ. ಚಾಕ್‌ಪೀಸ್ ಹಿಡಿದ ನನ್ನ ಬೆರಳಿಗೆ ‘ಅ’ ಬರೆಯುವುದು ಮರೆತುಹೋಗಿತ್ತು. ಮಕ್ಕಳ ಕಡೆ ಬೆನ್ನು ಮಾಡಿ ನಿಂತು, ಇನ್ನು ನಾಲ್ಕು ದಿನ ಹೀಗೇ ಆದರೆ ಪರಿಮಳಾ ಎನ್ನುವವಳು ಉಳಿಯುವುದಿಲ್ಲ ಎಂದು ಅರಿತೆ.

ನನ್ನ ಕೈ ಹಿಡಿದದ್ದು ಬಿಸಿಯೂಟದ ಅಡುಗೆಯ ಮಸ್ತಾನಬಿ. ಮಧ್ಯಾಹ್ನ ಮಕ್ಕಳನ್ನು ಸಾಲಿಗೆ ನಿಲ್ಲಿಸುವಾಗ ನಾನು ಯಾರಿಗೋ ‘ಹೊಟ್ಟಿಗಿ ಹೊಲಿಗಿ ಹಾಕ್ಸಿಕೋರಿ, ಬಕಾಸುರನ ಮರಿಗೋಳ್ರ್ಯಾ!’ ಎಂದದ್ದು ಕೇಳಿ ಅವಳ ಕೈಯ ಸೌಟು ನಿಂತಿತು. ಅಡುಗೆಕೋಣೆಗೆ ಕರೆದು ಕದ ಮುಂದೆ ಮಾಡಿದಳು.

‘ಟೀಚರಮ್ಮಾ, ಈ ಬೈಗಳ ನಾ ಕೇಳೀನಿ. ನನ್ನ ತವರಮನಿ ದೇವಾಪುರ. ಹಿಂಗ ಬೈಯಾಕಿ ಇಡೀ ಊರಾಗ ಒಬ್ಬಾಕೇ ಇದ್ಲು, ತಿಮ್ಮವ್ವ. ತೌಬಾ ತೌಬಾ, ಆಕಿ ಬಾಯಿಗಿ ಗೌಡಕಿ ಮಂದಿ ಸೈತ ದಾರಿ ಬಿಡ್ತಿದ್ರು. ಖರೇ ಹೇಳ್ರಿ, ಏನ್ ತಿಂದ್ರಿ?’

ಹೇಳಿದೆ. ಮಸ್ತಾನಬಿ ಕಟ್ಟೆಯ ಮೇಲೆ ಕುಸಿದು ಕೂತಳು.

‘ಯಾ ಅಲ್ಲಾ! ಯಾರ ಕೈದು ಅಂತ ಕೇಳ್ಲಿಲ್ಲೇನು? ತಿಮ್ಮವ್ವನ ಎಡಿ ಇನ್ನಾ ಆಗಿಲ್ಲ. ಕಾಯಿ ತೊಕ್ಕು ಮಾಗದಲೇ ಎಡಿಗಿ ಬರಂಗಿಲ್ಲಂತ ನಾಳಿ ಅಮಾಸಿ ದಾರಿ ನೋಡಾಕತ್ತಾರ. ಆಕಿ ನಾಲಿಗಿ ನಿಮ್ಮ ಬಾಯಾಗ ಬಂದು ಕುಂತದ, ಟೀಚರಮ್ಮಾ. ನಾಳಿ ಹೊತ್ತು ನೆತ್ತಿ ದಾಟೂದ್ರಾಗ ಎಡಿ ಆದ್ರ ಬಿಟ್ಟು ಹೋಗ್ತಾಳ. ಇಲ್ಲಂದ್ರ ಕಾಯಂ.’

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಬಿಡುತ್ತಿದ್ದೆ. ಹೆಬ್ಬೆರಳಿನ ನೀಲಿ ಇಂಕು ಇನ್ನೂ ಹೋಗಿರಲಿಲ್ಲ, ಹೇಗೆ ನಗಲಿ?

ಶನಿವಾರ ಮುಂಜಾನೆ ಶಾಲೆಗೆ ರಜೆ ಹೇಳಿ ಮಸ್ತಾನಬಿಯ ಜೊತೆ ಟಂಟಂ ಆಟೋ ಹತ್ತಿದೆ. ದೇವಾಪುರಕ್ಕೆ ನಾನು ಅದಕ್ಕೆ ಮುಂಚೆ ಒಮ್ಮೆಯೂ ಹೋಗಿದ್ದವಳಲ್ಲ. ಆದರೆ ಟಂಟಂ ಇಳಿದ ಕೂಡಲೇ ಕಾಲು ಯಾರನ್ನೂ ಕೇಳದೆ ಎಡಕ್ಕೆ ತಿರುಗಿದವು. ಬೇವಿನ ಕಟ್ಟೆ ದಾಟಿದವು, ಬೋರ್‌ವೆಲ್ಲಿನ ಕೆಸರನ್ನು ಸುತ್ತು ಹಾಕಿದವು, ಒಂದು ಮಣ್ಣಿನ ಮನೆಯ ಮುಂದೆ ನಿಂತವು. ಬಾಗಿಲು ಗಿಡ್ಡ, ನೋಡುವ ಮುಂಚೆಯೇ ನನ್ನ ತಲೆ ಬಗ್ಗಿತು. ಒಳಗೆ ಕತ್ತಲು. ನನ್ನ ಕೈ ಸೀದಾ ಗೋಡೆಯ ಗೂಡಿಗೆ ಹೋಗಿ ಎಲೆಅಡಿಕೆಯ ಚೀಲವನ್ನು ತಡಕಿ ಎತ್ತಿಕೊಂಡಿತು.

ರೊಟ್ಟಿ ಬಡಿಯುತ್ತಿದ್ದ ದೇವಕಮ್ಮ ತಲೆ ಎತ್ತಿದಳು. ‘ಬರ್ರಿ ಅಕ್ಕೋರ’ ಎಂದವಳು ನನ್ನ ಕೈಯ ಚೀಲ ನೋಡಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

‘ಏನೇ ದೇವಕಿ, ರೊಟ್ಟಿ ಹೊತ್ತಾಕತ್ತದ, ಕಣ್ಣೇನು ಹೊಲಕ್ಕ ಹೋಗ್ಯಾವೇನು?’ ಎಂದಿತು ನನ್ನ ಬಾಯಿ.

ದೇವಕಮ್ಮ ಚೀರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳಾದ ಆ ಹೆಂಗಸು ತಲೆಯ ಮೇಲೆ ಸೆರಗೆಳೆದುಕೊಂಡು, ಕಣ್ಣು ಕೆಳಗೆ ಮಾಡಿ, ಅತ್ತೆಯ ಮುಂದೆ ಸೊಸೆ ನಿಲ್ಲುವಂತೆ ನನ್ನ ಮುಂದೆ ನಿಂತಳು. ಮೌನೇಶ್ವರಿ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಎಡೆಯ ಬುಟ್ಟಿ ಕಟ್ಟುತ್ತಲೇ ದೇವಕಮ್ಮ ಸಂಕ್ರಾಂತಿಯ ದಿನದ ಕಥೆ ಹೇಳಿದಳು. ಅವಳ ಗಂಡ ಕಡೇಚೂರಿನ ಫ್ಯಾಕ್ಟರಿಯಲ್ಲಿ ಪಾಳಿಗೆ ಹೋಗಿದ್ದ, ಮನೆಯಲ್ಲಿ ಮೂವರೇ. ತಿಮ್ಮವ್ವ ಹುಣಸೆಕಾಯಿ ಕುಟ್ಟಿ ಭರಣಿಗೆ ತುಂಬುತ್ತಿದ್ದಳು. ಮೌನೇಶ್ವರಿ ಕೈತೊಳೆದು ಬಂದು ರುಚಿ ನೋಡಲು ಭರಣಿಗೆ ಕೈಯಿಟ್ಟಳು. ಒದ್ದೆ ಕೈ ಬಿದ್ದ ತೊಕ್ಕಿಗೆ ಬೂಸರು ಬರುತ್ತದೆ, ವರ್ಷದ ತೊಕ್ಕು ಕೆಟ್ಟು ತಿಪ್ಪೆಗೆ ಹೋಗುತ್ತದೆ. ತಿಮ್ಮವ್ವನಿಗೆ ನೆತ್ತಿಗೇರಿತು. ‘ನಿನ್ನ ನಾಲಿಗಿ ಸೇದಿ ಹೋಗ್ಲಿ!’ ಎಂದುಬಿಟ್ಟಳು.

‘ದಿನಾ ಬೈಯಾಕಿನೇ ಬಿಡ್ರಿ. ಆದ್ರ ಅವತ್ತ ಕೈಯಾಗ ಉಪ್ಪಿತ್ತು, ಉಪ್ಪು ಹಿಡದು ಬೈದ್ಲು. ಸಂಜೀಕ ಲಕ್ವಾ ಹೊಡದು ಆಕಿದೇ ಬಾಯಿ ಬಿತ್ತು. ಹತ್ತ ದಿನ ಮಲಗಿದ್ಲು, ಈ ಹುಡುಗಿ ಮಾರಿ ನೋಡಿ ನೋಡಿ ಏನೋ ಹೇಳಾಕ ಹೋಗ್ತಿದ್ಲು, ಬರೇ ಜೊಲ್ಲು ಸುರೀತಿತ್ತು. ಹಂಗೇ ಹೋದ್ಲು. ಉಪ್ಪು ಹಿಡದು ಬೈದ ಬಾಯಿನೇ ಶಾಪ ಹಿಂದ ತಗೋಬೇಕ್ರಿ ಅಕ್ಕೋರ, ಮಂದಿ ತಗೊಂಡ್ರ ನಡಿಯಂಗಿಲ್ಲ.’ ಅವಳು ನನ್ನ ಬಾಯಿಯನ್ನು ನೋಡಿ ದನಿ ಇಳಿಸಿದಳು. ‘ಈಗ ಎಡಿ ಇಟ್ರ ಅತ್ತಿ ಹೋಗ್ತಾಳ. ಹೋದ್ರ ಆ ಬಾಯಿ ಮತ್ತ ನನ್ನ ಮಗಳಿಗಿ ಸಿಗಂಗಿಲ್ಲ.’

ಹೊಲದ ಬದುವಿನಲ್ಲಿ ಹುಣಸೆಮರ, ಅದರ ಬುಡದಿಂದ ಹತ್ತು ಹೆಜ್ಜೆಗೆ ತಿಮ್ಮವ್ವನ ಮಣ್ಣು. ಮೇಲೆ ನಾಲ್ಕು ಕಲ್ಲು, ಒಣಗಿದ ಮುಳ್ಳಿನ ಕಂಟಿ. ಬಿಸಿಲು ಕಾದಿತ್ತು, ಜೋಳದ ಕೊಯ್ಲು ಮುಗಿದ ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ನಮ್ಮ ನೆರಳುಗಳು ಗಿಡ್ಡವಾಗುತ್ತ ಕಾಲಬುಡಕ್ಕೆ ಬರುತ್ತಿದ್ದವು. ದೇವಕಮ್ಮ ಮುತ್ತುಗದ ಎಲೆ ಹಾಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಬೆಲ್ಲದ ಚೂರು ಇಟ್ಟಳು. ತೊಕ್ಕಿನ ಭರಣಿಯನ್ನು ಮುಂದೆ ತಂದಳು, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಲಿಲ್ಲ. ಕೈಮುಗಿದು ನನ್ನೆದುರು ಕೂತಳು.

‘ಅತ್ತಿ, ಸಣ್ಣ ಹುಡುಗಿ ಅದ. ನೀ ಅಂದದ್ದು ಹಿಂದ ತಗೋ. ನಿನ್ನ ಕಾಲಿಗಿ ಬೀಳ್ತೇನಿ.’

ನಾನು ಒಳಗೆ ಇದ್ದೆ. ಎಲ್ಲ ಕೇಳುತ್ತಿತ್ತು, ಎಲ್ಲ ಕಾಣುತ್ತಿತ್ತು, ಬಾಯಿ ಮಾತ್ರ ನನ್ನ ವಶದಲ್ಲಿರಲಿಲ್ಲ. ಆಯಿತೆನ್ನು ಮುದುಕಿ, ಒಂದು ಮಾತು ಆಯಿತೆನ್ನು ಎಂದು ಒಳಗಿಂದ ಬೇಡಿಕೊಂಡೆ.

‘ಯಾಕ ತಗೋಲಿ?’ ಎಂದಿತು ಆ ದನಿ. ‘ಒದ್ದಿ ಕೈ ಹಾಕಿದಾಕಿ ಆಕಿ! ನಾಕು ಸೇರು ಕಾಯಿ ಕುಟ್ಟಿ ನನ್ನ ರಟ್ಟಿ ಬಿದ್ದು ಹೋಗಿದ್ವು. ತಪ್ಪು ಮಾಡಿದಾಕಿ ತಪ್ಪಂತ ಅಂದಾಳೇನು? ಹತ್ತ ದಿನ ನನ್ನ ಮಾರಿ ಮುಂದ ಕಲ್ಲಿನಂಗ ಕುಂತ್ಲು!’

‘ನೆರಳ ನೋಡ್ರಿ, ನೆರಳ’ ಎಂದು ಮಸ್ತಾನಬಿ ಹಿಂದಿನಿಂದ ಗೊಣಗಿದಳು. ಹೊತ್ತು ನೆತ್ತಿಗೆ ಬರುತ್ತಿತ್ತು. ದೇವಕಮ್ಮ ಅಳುತ್ತ ಭರಣಿಯ ಬಟ್ಟೆಗೆ ಕೈ ಹಾಕಿದಳು. ಇಟ್ಟುಬಿಡು, ನನ್ನನ್ನು ಬಿಡಿಸು ಎಂದು ನನ್ನ ಜೀವ ಕೂಗುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಹುಡುಗಿಯ ಮಾತು ಬೇಕಿರಲಿಲ್ಲ, ನನ್ನ ಅಕ್ಷರ ಬೇಕಿತ್ತು.

ಮೌನೇಶ್ವರಿ ತಾಯಿಯ ಕೈ ಹಿಡಿದು ತಡೆದಳು. ಲಂಗದ ಮಡಿಕೆಯಿಂದ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದಳು. ಒಂದು ಸಾಲು ಬರೆದಿತ್ತು. ನೋಡಿದೆ. ಇರುವೆ, ಬರೀ ಇರುವೆ. ದೇವಕಮ್ಮನ ಕಡೆ ಚಾಚಿದೆ, ಅವಳಿಗೆ ಓದು ಬರುವುದಿಲ್ಲ. ಮಸ್ತಾನಬಿಗೂ ಬರುವುದಿಲ್ಲ. ಆ ಹೊಲದಲ್ಲಿ ಆ ಸಾಲು ಓದಬಲ್ಲವಳು ಒಬ್ಬಳೇ, ಅದನ್ನು ಬರೆದವಳು.

‘ಏನ್ ಬರದೀಯೇ?’ ಎಂದಿತು ದನಿ. ಹುಡುಗಿ ಹಾಳೆಯನ್ನು ಇನ್ನೂ ಹತ್ತಿರ ಹಿಡಿದಳು. ‘ಮುಖಕ್ಕ ಹಿಡದ್ರ ಏನ್ ಮಾಡ್ಲಿ, ನೆಕ್ಕಲೇನು? ನಾ ಯಾವ ಸಾಲಿಗಿ ಹೋಗೀನಿ? ಓದಿ ಹೇಳ!’

ಓದು ಮೌನೇಶ್ವರಿ, ಎಂದು ನಾನು ಒಳಗಿನಿಂದ ನೂಕಿದೆ. ಮೂರು ದಿನದಲ್ಲಿ ಮೊದಲ ಸಲ ತಿಮ್ಮವ್ವನಿಗೂ ನನಗೂ ಬೇಕಾದದ್ದು ಒಂದೇ ಆಗಿತ್ತು. ಅದಕ್ಕೋ ಏನೋ, ನನ್ನ ಮಾತು ಆ ದನಿಯ ಸಂದಿಯಿಂದ ಹೊರಗೆ ಬಂತು.

‘ಓದು, ಮೌನೇಶ್ವರಿ’ ಎಂದೆ ನಾನು.

‘ಓದಲೇ, ನನ್ನ ಹೊಟ್ಟಿ ಉರಸಬ್ಯಾಡ!’ ಎಂದಳು ತಿಮ್ಮವ್ವ, ಅದೇ ಬಾಯಿಯಿಂದ, ಅದೇ ಉಸಿರಿನಲ್ಲಿ.

ಹುಡುಗಿ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದನೆಯ ತರಗತಿಯ ಕೂಸಿನ ಹಾಗೆ ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು.

‘ಆ... ಯೀ. ನನ್ನ... ಕೈ... ಒದ್ದಿ... ಇರಲಿಲ್ಲ.’

ದೇವಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕೈ ಮುಂದೆ ಚಾಚಿ ಭರಣಿಯ ಬಟ್ಟೆ ಬಿಚ್ಚಿತು, ಒಂದು ಹಿಡಿ ತೊಕ್ಕು ಎತ್ತಿ ಬಿಸಿಲಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿತು. ಮತ್ತೆ ಒಳಗೆ ತಳದವರೆಗೂ ಹೋಗಿ ಇನ್ನೊಂದು ಹಿಡಿ ತೆಗೆಯಿತು. ಹಸಿರುಗಂದು ಬಣ್ಣ, ಎಣ್ಣೆಯಂತೆ ಹೊಳಪು. ಎಲ್ಲೂ ಒಂದು ಬಿಳಿ ಚುಕ್ಕೆಯಿರಲಿಲ್ಲ.

‘ಬೂಸ್ರ ಬಂದಿಲ್ಲ’ ಎಂದಳು ತಿಮ್ಮವ್ವ, ಮೆಲ್ಲಗೆ.

‘ಕೈ ವರಸಿಕೊಂಡೇ ಬಂದಿದ್ದೆ!’ ಹುಡುಗಿ ಒಮ್ಮೆಲೇ ಒದರಿದಳು. ಆ ಒದರು ಹೊಲದ ಆಚೆಗೂ ಕೇಳಿರಬೇಕು. ‘ಲಂಗಕ್ಕ ವರಸಿಕೊಂಡಿದ್ದೆ! ನೀ ನೋಡಿ ಬೈಯಬೇಕಿತ್ತು! ನೋಡ್ದಲೇ ಬೈದಿ, ಬೈದು ಮಲಗಿಬಿಟ್ಟಿ! ನಾ ಯಾರಿಗಿ ಹೇಳ್ಲಿ?’

‘ಏ ಹುಚ್ಚಿ’ ಎಂದಿತು ದನಿ. ‘ಸುಳ್ಳ ಬೈಗಳ ಬೈದ ಬಾಯಿಗೇ ತಿರುಗಿ ಹತ್ತತದ. ನನಗ ಹತ್ತಿತು, ಸೇದಿ ಹೋದದ್ದು ನನ್ನ ನಾಲಿಗಿ. ನಿನಗ್ಯಾಕ ಹತ್ತೀತು? ಹತ್ತ ದಿನ ಅದೇ ಹೇಳಾಕ ಬಡಕೊಂಡೆ, ನಿನಗ ತಿಳೀಲಿಲ್ಲ, ಕತ್ತಿಮರಿ ಹಂಗ ಕುಂತಿ.’ ನನ್ನ ಕೈ ಅವಳ ಗಲ್ಲ ಮುಟ್ಟಲು ಹೋಗಿ, ತೊಕ್ಕು ಮೆತ್ತಿದೆಯೆಂದು ಹಿಂದೆ ಸರಿಯಿತು. ‘ಅಳಬ್ಯಾಡ. ಮೂಗ ಸುರ್ಯಾಕತ್ತದ, ಭರಣ್ಯಾಗ ಬಿದ್ದೀತು. ಸರಿ ಅತ್ತಾಗ!’

ಮೌನೇಶ್ವರಿ ಅಳುತ್ತಲೇ ನಕ್ಕಳು. ಎರಡೂ ಕೈಯನ್ನು ಲಂಗಕ್ಕೆ ಗಸಗಸ ಒರೆಸಿಕೊಂಡು ನನ್ನ ಮೂಗಿನ ಕೆಳಗೆ ಹಿಡಿದು ತೋರಿಸಿದಳು, ‘ನೋಡು, ಒಣಗ್ಯಾವೋ ಇಲ್ಲೋ?’ ನೋಡಿದ್ದಾಯಿತು. ಭರಣಿಗೆ ಕೈ ಹಾಕಿ ಒಂದು ಉಂಡೆ ತೊಕ್ಕು ತೆಗೆದು ರೊಟ್ಟಿಯ ಮೇಲಿಟ್ಟಳು. ನನ್ನ ನೆರಳು ಪಾದದ ಕೆಳಗೆ ಪೂರ್ತಿ ಹೊಕ್ಕಿತು. ದವಡೆ ಸಡಿಲವಾಯಿತು, ಕಿವಿಯ ಹಿಂದಿನ ನರ ಸಡಿಲವಾಯಿತು, ಮೂರು ದಿನದ ಹುಳಿ ಬಾಯಿಂದ ಇಳಿದು ಎತ್ತಲೋ ಹೋಯಿತು. ಕೆಳಗೆ ಬಿದ್ದಿದ್ದ ಹಾಳೆ ಎತ್ತಿ ನೋಡಿದೆ. ‘ಆಯಿ, ನನ್ನ ಕೈ ಒದ್ದಿ ಇರಲಿಲ್ಲ.’ ದುಂಡನೆಯ ಅಕ್ಷರ, ಓದಲು ಬಂತು. ನಾನೂ ಅಲ್ಲೇ ಕೂತು ಅತ್ತೆ.

ಹಿಂದಿರುಗುವಾಗ ಟಂಟಂವರೆಗೆ ಬಿಡಲು ಮೌನೇಶ್ವರಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ, ತಿಂಗಳ ಬಾಕಿ ತೀರಿಸುತ್ತಿದ್ದಳು. ಒಂದು ಮಾತು ನನ್ನನ್ನು ಕೊರೆಯುತ್ತಿತ್ತು, ಕೇಳಿಯೇಬಿಟ್ಟೆ.

‘ತೊಕ್ಕು ಯಾರ ಕೈದು, ಎಡಿ ಆಗಿಲ್ಲಂತ ನಿನಗ ಗೊತ್ತಿತ್ತಲ್ಲ. ಬೇಕಂತ ತಿನ್ನಿಸಿದಿಯಲ್ಲ?’

‘ಹೌದ್ರಿ ಟೀಚರ್.’

‘ನೀನೇ ತಿನ್ನಬೇಕಿತ್ತು.’

‘ನನ್ನ ಬಾಯಾಗ ಆಯಿ ಬಂದ್ರ ನಾ ಯಾರ ಜೋಡಿ ಜಗಳಾಡ್ಲಿ?’

‘ಮತ್ತ ನಾನೇ ಯಾಕ? ಸಾಲ್ಯಾಗ ಅಷ್ಟು ಮಂದಿ ಇರೂವಾಗ?’

ಅವಳು ನನ್ನ ಮುಖ ನೋಡಿದಳು. ಯೋಚಿಸುವ ಅಗತ್ಯವೇ ಇರಲಿಲ್ಲ ಅವಳಿಗೆ.

‘ನೀವು ಯಾರಿಗೂ ಏನೂ ಅನ್ನಂಗಿಲ್ಲಲ್ರಿ. ಉಳದೋರ ಬಾಯಾಗ ಅವರವರದು ತುಂಬಿರ್ತದ. ನಿಮ್ಮ ಬಾಯಿ ಖಾಲಿ ಇತ್ತು.’

ಸಿಟ್ಟು ಬಂತು ನನಗೆ. ಎಂಥ ಸಿಟ್ಟು ಅಂತೀರಿ! ಅಂಗಾಲಿನಿಂದ ನೆತ್ತಿಗೆ ಏರಿತು. ತಿಮ್ಮವ್ವನದೇ ಇನ್ನೂ ಉಳಿದಿದೆಯೇನೋ ಎಂದು ಬಾಯಿ ತೆರೆದು ನೋಡಿದೆ. ‘ಲೇ ಮೌನೇಶ್ವರಿ, ಸೋಮವಾರ ಏಳೂ ಶಬ್ದ ಬಾಯಿಪಾಠ ಒಪ್ಪಿಸ್ಲಿಲ್ಲಂದ್ರ ಬೆಂಚಿನ ಮ್ಯಾಲ ನಿಲ್ಲಿಸ್ತೇನಿ’ ಎಂದೆ. ದನಿ ಒಡಕಾಗಿರಲಿಲ್ಲ, ಗಾಳಿ ಸೋರಲಿಲ್ಲ. ಅದು ನನ್ನದೇ ದನಿ. ನಲವತ್ತೆರಡು ವರ್ಷ ಅದು ನನ್ನೊಳಗೆ ಎಲ್ಲಿ ಅಡಗಿ ಕೂತಿತ್ತೋ ನನಗೆ ತಿಳಿಯದು.

ಆ ಸಿಟ್ಟು ಆಮೇಲೆ ಹೋಗಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಡಬ್ಬಿ ಎಲ್ಲಿದೆಯೆಂದು ಗಂಡನಿಗೆ ಈಗ ಗೊತ್ತು. ನಾನು ತರಗತಿಯಲ್ಲಿ ದನಿ ಏರಿಸಿದಾಗಲೆಲ್ಲ ಅಡುಗೆಕೋಣೆಯಲ್ಲಿ ಮಸ್ತಾನಬಿಯ ಸೌಟು ನಿಲ್ಲುತ್ತದೆ, ಅವಳು ಕಿವಿಗೊಟ್ಟು ಕೇಳಿ, ನಾನೇ ಎಂದು ಖಾತ್ರಿಯಾದ ಮೇಲೆ ಮತ್ತೆ ತಿರುವುತ್ತಾಳೆ.

ಒಂದು ಮಾತ್ರ ಮರಳಲಿಲ್ಲ. ತಿಮ್ಮವ್ವ ಹೋಗುವಾಗ ಹುಳಿಯನ್ನೆಲ್ಲ ತನ್ನ ಜೊತೆಗೇ ಒಯ್ದಳು, ನನ್ನದನ್ನೂ ಸೇರಿಸಿ. ನಿಂಬೆಹಣ್ಣನ್ನು ಈಗ ಸವತೆಕಾಯಿಯ ಹಾಗೆ ಕಚ್ಚಿ ತಿನ್ನುತ್ತೇನೆ, ನಾಲಿಗೆಗೆ ಏನೂ ಹತ್ತುವುದಿಲ್ಲ. ಈ ವರ್ಷವೂ ಒಂಬತ್ತನೆಯ ತರಗತಿಗೆ ಅದೇ ಪಾಠ ಮಾಡಿದೆ. ಮಕ್ಕಳು ಡಬ್ಬಿ ತಂದರು. ಪ್ರತಿಯೊಂದಕ್ಕೂ ಯಾರ ಕೈಯದೆಂದು ಕೇಳಿಕೊಂಡೆ. ಹತ್ತನೆಯ ತರಗತಿಯಿಂದ ಮೌನೇಶ್ವರಿಯನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ರುಚಿ ನೋಡಿ ಹೇಳಿದಳು, ನಾನು ಬೋರ್ಡಿನ ಮೇಲೆ ಬರೆದೆ.